ಜೋಡಿಯಿಲ್ಲದ ಸೂಜಿ

ನನ್ನ ಗಂಡ ಪೆಸಮಿನೋ ಬೆಳಿಗ್ಗೆ ಎದ್ದು ಚಾಪೆಯ ಮೇಲೆ ಕುಳಿತನೆಂದರೆ, ಬಲಗಾಲನ್ನು ನೆಲಕ್ಕೆ ಊರುವ ಮೊದಲು ಒಮ್ಮೆ ನನ್ನ ಕಡೆ ನೋಡುತ್ತಿದ್ದ. ನಾನು ನೋಡದವಳ ಹಾಗೆ ಕೋಕೋ ಕುದಿಸುತ್ತಿರಬೇಕು. ನೋಡಿದರೆ, "ಏನ್ ನಾಟಕ ನೋಡೋಕೆ ಕೂತಿದೀಯಾ?" ಎಂದು ಸಿಡುಕು. ನೋಡದಿದ್ದರೆ, "ಈ ಮನೇಲಿ ಸತ್ರೂ ಕೇಳೋರಿಲ್ಲ" ಎಂದು ಗೊಣಗು. ಹಿಮ್ಮಡಿ ನೋವು ಗಂಡನಿಗೆ ಬಂದರೆ ಅರ್ಧ ಹೆಂಡತಿಗೂ ಬರುತ್ತದೆ ಎಂದು ನನಗೆ ಯಾರೂ ಮದುವೆಯಲ್ಲಿ ಹೇಳಿರಲಿಲ್ಲ.

ಮೊದಲ ಹೆಜ್ಜೆಯೇ ಅವನ ಶತ್ರು. ಹಿಮ್ಮಡಿಯೊಳಗೆ ಯಾರೋ ಮೊಳೆ ಹೊಡೆದಂತಾಗುತ್ತದಂತೆ. ಕಂಬ ಹಿಡಿದು, ಹಲ್ಲು ಕಚ್ಚಿ, ನಾಲ್ಕಾರು ಹೆಜ್ಜೆ ಕುಂಟಿದ ಮೇಲೆ ಸ್ವಲ್ಪ ಸಡಿಲ. ಮತ್ತೆ ಎಲ್ಲಾದರೂ ಹೊತ್ತು ಕುಳಿತು ಎದ್ದರೆ ಮೊದಲಿನಿಂದ ಶುರು. ಕುಳಿತು ಏಳುವುದೇ ಅವನ ಉದ್ಯೋಗ. ಸವಾಯಿ ದ್ವೀಪದ ನಮ್ಮ ತುದಿಯಿಂದ ಹಡಗುಕಟ್ಟೆಯವರೆಗೆ ಓಡುವ ಹಳದಿ ಬಸ್ಸಿಗೆ ಅವನೇ ಡ್ರೈವರ್. ಮರದ ಮೈ, ಮರದ ಬೆಂಚು, ಕಿವಿ ಹರಿಯುವಂಥ ಹಾಡು. ಬೆಂಚು ತುಂಬಿದರೆ ಒಬ್ಬರ ತೊಡೆಯ ಮೇಲೊಬ್ಬರು ಕೂರುತ್ತಾರೆ, ಬೆಳಗಿನ ಸರದಿಯಲ್ಲಿ ಎಲ್ಲಾ ತೊಡೆಗಳ ಮೇಲೂ ಶಾಲೆಯ ಮಕ್ಕಳು.

ಬ್ರೇಕ್ ಒತ್ತಬೇಕಾದದ್ದು ಅದೇ ಬಲಗಾಲು.

ಒಂದು ದಿನ ಚರ್ಚಿನ ತಿರುವಿನಲ್ಲಿ ಹಂದಿಯೊಂದು ಅಡ್ಡ ಬಂತು. ನಾನು ಕೆಸುವಿನ ಗೆಡ್ಡೆಯ ಬುಟ್ಟಿ ಹಿಡಿದು ಮುಂದಿನ ಬೆಂಚಿನಲ್ಲಿದ್ದೆ. ಪೆಸಮಿನೋ ಬ್ರೇಕಿನ ಮೇಲೆ ಕಾಲಿಟ್ಟ, ಇಟ್ಟವನೇ ಕಾದ ಹೆಂಚು ಮುಟ್ಟಿದವನ ಹಾಗೆ ಹಿಂದೆಗೆದ. ಮತ್ತೆ ಒತ್ತುವಷ್ಟರಲ್ಲಿ ಹಂದಿಯ ಕತೆ ಮುಗಿದಿತ್ತು. ಎಲ್ಲರೂ ಹಂದಿ ನೋಡಲು ಎಡಗಡೆಗೆ ಬಾಗಿದರು. ಬಲಗಡೆ ಅದನ್ನು ಅಟ್ಟಿಕೊಂಡು ಬಂದ ಒಂದು ಪುಟ್ಟ ಹುಡುಗಿ ರಸ್ತೆಯಂಚಿನಲ್ಲಿ ಗಕ್ಕನೆ ನಿಂತಿದ್ದಳು. ಅವಳ ಕೈಯಲ್ಲಿದ್ದ ಕಡ್ಡಿ ಬಸ್ಸಿನ ಮೈಗೆ ಉದ್ದಕ್ಕೂ ತಾಗಿ ಕರಕರ ಎಂದಿತು. ಆ ಸದ್ದು ಕೇಳಿಸಿದ್ದು ನನಗೆ ಮತ್ತು ಅವನಿಗೆ, ಇನ್ನಾರಿಗೂ ಇಲ್ಲ. ಕನ್ನಡಿಯಲ್ಲಿ ಅವನು ನನ್ನನ್ನು ನೋಡಿದ. ನಾನೂ ನೋಡಿದೆ. 

ಹಂದಿಯವನಿಗೆ ನಮ್ಮ ಹಂದಿ ಕೊಟ್ಟೆವು. ಸತ್ತದ್ದನ್ನು ಊರು ತಿಂದಿತು. ಅದನ್ನು ಬೇಯಿಸಿದವನು ಕೊಲೋನೆ. ಬಿಸಿಕಲ್ಲಿನ ಒಲೆ ಎಂದರೆ ಅವನೇ ಸೈ. ದೊಡ್ಡ ಹೊಟ್ಟೆ, ದೊಡ್ಡ ನಗು, ಚಹಾಕ್ಕೆ ಸಕ್ಕರೆ ಹಾಕುತ್ತಾನೋ ಸಕ್ಕರೆಗೆ ಚಹಾ ಹಾಕುತ್ತಾನೋ ಹೇಳುವುದು ಕಷ್ಟ. ಬೇರೆಯವರು ಇಕ್ಕಳ ಹುಡುಕುತ್ತಿರುವಾಗ ಅವನು ಕಾದ ಕಲ್ಲನ್ನು ಬರಿಗಾಲಲ್ಲೇ ಒದ್ದು ಸರಿಮಾಡುತ್ತಾನೆ. "ಕೊಲೋನೆ ಕಾಲು ದೇವರು ಕೊಟ್ಟ ಕಾಲು" ಎಂದು ಮುದುಕರೂ ಹೊಗಳುತ್ತಿದ್ದರು. ಆ ದಿನ ಅವನು ನನ್ನ ಗಂಡನ ಮುಂದೆ ಕಲ್ಲಿನ ಮೇಲೆ ಎರಡು ಹೆಜ್ಜೆ ಕುಣಿದೇ ತೋರಿಸಿದ.

"ನೋಡೋ, ಇದು ಗಂಡಸಿನ ಕಾಲು. ನಿಂದು ಪಾದ್ರಿ ಹೆಂಡ್ತಿ ಕಾಲು."

"ನಿನ್ ಕಾಲಿಗೆ ಬುದ್ಧಿ ಇಲ್ಲ, ನಿನ್ನ ಹಾಗೇ" ಎಂದ ಪೆಸಮಿನೋ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಕಿವಿಯಲ್ಲಿ ಇನ್ನೂ ಆ ಕಡ್ಡಿ ಕರಕರ ಎನ್ನುತ್ತಿತ್ತು.

ಅವರಿಬ್ಬರೂ ಹೀಗೆ ಮಾತಾಡಿಕೊಳ್ಳಬಹುದು, ಏಕೆಂದರೆ ಜೋಡಿ. ಸೊಂಟದಿಂದ ಮೊಣಕಾಲಿನವರೆಗೆ ಹಚ್ಚೆ ಹಾಕಿಸಿಕೊಳ್ಳುವವನು ನಮ್ಮಲ್ಲಿ ಒಂಟಿಯಾಗಿ ಮಲಗುವ ಹಾಗಿಲ್ಲ. ಒಬ್ಬ ನೋವು ತಿನ್ನುವಾಗ ಇನ್ನೊಬ್ಬ ಪಕ್ಕದಲ್ಲಿರಬೇಕು, ಆಮೇಲೆ ಅವನ ಸರದಿ. ಹರೆಯದಲ್ಲಿ ಇವರಿಬ್ಬರೂ ಒಂದೇ ಚಾಪೆಯ ಮೇಲೆ ಮಲಗಿ ಎದ್ದವರು. ಹಚ್ಚೆ ಕುಟ್ಟುವ ಹಲ್ಲುಹಲ್ಲಿನ ಉಳಿ ಟಕ್ ಟಕ್ ಎನ್ನುತ್ತಿದ್ದರೆ ಮನೆಮಂದಿಯೆಲ್ಲಾ ಸುತ್ತ ಕುಳಿತು ಹಾಡಿದ್ದರಂತೆ, ನೊಣ ಓಡಿಸಿದ್ದರಂತೆ, ಕೈಕಾಲು ಹಿಡಿದಿದ್ದರಂತೆ. ನೋವು ತಾಳದೆ ನಡುವೆ ಎದ್ದು ಓಡಿದವನ ಹಚ್ಚೆ ಹಾಗೇ ಉಳಿಯುತ್ತದೆ. ಅವನನ್ನು ಅರೆಹಚ್ಚೆ ಎನ್ನುತ್ತಾರೆ. ಸಾಯುವವರೆಗೂ ಅದೇ ಹೆಸರು, ಸತ್ತ ಮೇಲೆ ಮಕ್ಕಳಿಗೆ ಅದೇ ಹೆಸರು.

ಹಂದಿ ಸತ್ತ ಮರುದಿನದಿಂದ ನಾನು ಅವನ ಬೆನ್ನು ಹತ್ತಿದೆ. ಅದಕ್ಕೆ ಮೊದಲು ನಾವೇನೂ ಸುಮ್ಮನೆ ಕುಳಿತಿರಲಿಲ್ಲ. ಊರ ಅಜ್ಜಿ ತೆಂಗಿನೆಣ್ಣೆ ಹಾಕಿ, ಹಳೆಯ ದ್ವೇಷ ತೀರಿಸುವವಳ ಹಾಗೆ ಹಿಮ್ಮಡಿ ತಿಕ್ಕಿದ್ದಳು. ನ್ಯೂಜಿಲೆಂಡಿನ ನಾದಿನಿ ಚಪ್ಪಲಿಯೊಳಗೆ ಇಡುವ ಮೆತ್ತೆ ಕಳಿಸಿದ್ದಳು, ಅದನ್ನು ನಾಯಿ ಹೊತ್ತೊಯ್ದಿತು. ಮಾತ್ರೆಗಳು ಹೊಟ್ಟೆ ಕೆಡಿಸಿದವು, ಕಾಲನ್ನು ಮುಟ್ಟಲಿಲ್ಲ. ಕೊನೆಗೆ ಜಿಲ್ಲಾಸ್ಪತ್ರೆಗೆ ಎಳೆದುಕೊಂಡು ಹೋದೆ.

ಅಲ್ಲಿನ ಡಾಕ್ಟರ್ ಲೂಪೆ ಪಕ್ಕದ ಊರಿನವಳೇ. ಶಾಲೆಗೆ ಇದೇ ಬಸ್ಸಿನಲ್ಲಿ, ಯಾರದೋ ತೊಡೆಯ ಮೇಲೆ ಕುಳಿತು ಹೋದವಳು. ಹಿಮ್ಮಡಿ ಒತ್ತಿ ನೋಡಿ ಹೇಳಿದಳು:

"ಮಾಮ, ಅಂಗಾಲಿನ ನಾರು ಹಿಮ್ಮಡಿಗೆ ಅಂಟೋ ಜಾಗ ಕೆಟ್ಟಿದೆ. ಸೂಜಿ ಹಾಕ್ಬೇಕು, ಮೂರು ಸಲ, ನಡುನಡುವೆ ಬಿಟ್ಟು. ಬರೀ ಚುಚ್ಚಿ ತೆಗೆಯೋದಲ್ಲ. ಒಳಗೇ ಇಟ್ಕೊಂಡು ಆ ಕಡೆ ಈ ಕಡೆ ಕುಕ್ಕಬೇಕು. ಮರಗಟ್ಟೋ ಔಷಧಿ ಕೊಡ್ತೀನಿ, ಆದ್ರೂ ನೋಯುತ್ತೆ. ಸುಳ್ಳು ಹೇಳಲ್ಲ."

"ನನ್ನ ತೊಡೆ ನೋಡಿದ್ದೀಯಾ ಮಗಳೇ?" ಎಂದು ಇವನು ಸೊಂಟಕ್ಕೆ ಸುತ್ತಿದ್ದ ಲಾವಲಾವದ ಅಂಚು ಎತ್ತಿ ಹಚ್ಚೆ ತೋರಿಸಿದ. "ಇದನ್ನ ತಾಳಿದವ್ನಿಗೆ ನಿನ್ ಸೂಜಿ ಸೊಳ್ಳೆ."

ಮೊದಲ ಸೂಜಿಯ ದಿನ ನಾವು ಮನೆಯಲ್ಲಿ ಇದ್ದಬದ್ದವರೆಲ್ಲಾ ಹೋದೆವು. ಬೇಯಿಸಿದ ದೀವಿಹಲಸು, ಗಿಟಾರು, ಇಬ್ಬರು ಚಿಕ್ಕಮ್ಮಂದಿರು. ಆಸ್ಪತ್ರೆಯ ನಿಯಮ ಬೇರೆ, ರೋಗಿ ಒಳಗೆ, ಉಳಿದವರೆಲ್ಲಾ ಹೊರಗೆ. ಬಾಗಿಲು ಮುಚ್ಚಿತು. ನಾವು ಮರದ ಕೆಳಗೆ ಕುಳಿತೆವು. ಒಳಗಿಂದ ಒಂದು ಸದ್ದು ಬಂತು. ಕೂಗಲ್ಲ, ಕೂಗನ್ನು ನುಂಗಿದ ಸದ್ದು.  ಆಮೇಲೆ ಬಾಗಿಲು ದಡಾರನೆ ತೆರೆಯಿತು, ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ ನನ್ನ ಗಂಡ ಹೊರಗೆ ಬಂದ. ಹಿಂದೆ ಡಾಕ್ಟರ್, ಕೈಯಲ್ಲಿ ಅರ್ಧ ಖಾಲಿಯಾದ ಸೂಜಿ.

"ಮಾಮ, ಇನ್ನೂ ಮುಗಿದಿಲ್ಲ..."

ಇವನು ತಿರುಗಿ ನೋಡಲಿಲ್ಲ.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಊರು ಮುಟ್ಟಿತ್ತು. ಚಿಕ್ಕಮ್ಮಂದಿರ ಬಾಯಿಗೆ ಬೀಗ ಎಲ್ಲಿಂದ ತರಲಿ? ಮರುದಿನ ಬಸ್ಸಿನ ಹಿಂದಿನ ಬೆಂಚಿನಿಂದ ಯಾರೋ, "ಅರೆಹಚ್ಚೆ, ಸ್ವಲ್ಪ ನಿಧಾನ!" ಎಂದರು. ಅವನು ಹಾಡಿನ ಸದ್ದು ಜೋರು ಮಾಡಿದ. ಸಂಜೆ ಮನೆಗೆ ಬಂದು, ಕಾಲು ಚಾಚಿ, ಅದರ ಮೇಲೊಂದು ಚಾಪೆ ಎಳೆದುಕೊಂಡು ಕುಳಿತ. ನಮ್ಮಲ್ಲಿ ಗೋಡೆಯಿಲ್ಲದ ಮನೆ, ದಾರಿಹೋಕರೆಲ್ಲಾ ನೆಂಟರು. ಎದುರಿನವರಿಗೆ ಅಂಗಾಲು ಕಾಣಿಸುವ ಹಾಗೆ ಕುಳಿತರೆ ಅವರಿಗೆ ಅವಮಾನ ಮಾಡಿದಂತೆ. ನೋವಿರಲಿ, ಸಾವಿರಲಿ, ಅಂಗಾಲು ಮುಚ್ಚಿರಬೇಕು.

ಬೈಯಬೇಕೆಂದೇ ಹತ್ತಿರ ಹೋದೆ. ಮುಖ ನೋಡಿ ಪಕ್ಕದಲ್ಲಿ ಕುಳಿತೆ.

"ಯಾಕೆ ಓಡಿ ಬಂದೆ?"

ಚಾಪೆಯ ಅಂಚು ಕೀಳುತ್ತಾ ಹೇಳಿದ: "ಅಲ್ಲಿ ಯಾರೂ ಹಾಡ್ಲಿಲ್ಲ ಎಸೆಟಾ. ಗೋಡೆ ಬಿಳಿ, ಬಾಗ್ಲು ಮುಚ್ಚಿದೆ, ಆ ಹುಡುಗಿ ತಲೆ ಬಗ್ಗಿಸಿ ಕುಕ್ತಾ ಇದಾಳೆ. ಹಚ್ಚೆ ಹಾಕ್ವಾಗ ಪಕ್ಕದಲ್ಲಿ ಕೊಲೋನೆ ಇದ್ದ. ನಾನು ಎದ್ರೆ ಅವನೂ ಅರ್ಧಕ್ಕೆ ಏಳ್ಬೇಕಿತ್ತು. ಅದಕ್ಕೇ ಎದ್ದಿರಲಿಲ್ಲ. ಇಲ್ಲಿ ನಾನೆದ್ರೆ ಯಾರಿಗೇನು?"

"ಬಸ್ಸಲ್ಲಿರೋ ಮಕ್ಕಳಿಗೆ?" ಎಂದೆ. "ಕಡ್ಡಿ ಹಿಡ್ಕೊಂಡಿದ್ದ ಆ ಪುಟ್ಟ ಹುಡುಗಿಗೆ?"

ಅವನು ಚಾಪೆಯನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡ.

"ಒಂದೋ ಸೂಜಿ, ಇಲ್ಲಾ ಬಸ್ಸು ಬಿಡು. ಎರಡೂ ಆಗಲ್ಲ ಅಂದ್ರೆ ಊರ ಹಿರಿಯರ ಮುಂದೆ ನಾನೇ ಹೋಗಿ ಆ ಕಡ್ಡಿ ಸಂಗತಿ ಹೇಳ್ತೀನಿ. ಹೇಳ್ತೀನಿ ಅಂದ್ರೆ ಹೇಳ್ತೀನಿ."

ಹೇಳುತ್ತಿದ್ದೆನೋ ಇಲ್ಲವೋ, ದೇವರಿಗೇ ಗೊತ್ತು. ಅವನು ಹೆದರಿದ. ಸೂಜಿಗೂ ಹೆದರಿದ, ನನಗೂ ಹೆದರಿದ. ಊಟ ಬಿಟ್ಟ. ಅವನು ಬಸ್ಸಿಗೆ ಹೋದರೆ ಪ್ರತಿದಿನ ನಾನು ಮನೆಯಲ್ಲಿ ಚರ್ಚಿನ ತಿರುವಿನ ಕಡೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ತಿರುವಿನಲ್ಲಿ ಬ್ರೇಕ್ ಕಿರ್ರೆನ್ನುವವರೆಗೂ ಕೈಯಲ್ಲಿ ಹಿಡಿದದ್ದು ಕೈಯಲ್ಲೇ. ಒಂದೊಂದು ಸಲ ಆ ಸದ್ದು ತಡವಾಗಿ ಬರುತ್ತಿತ್ತು.

ನಾನು ಕೊಲೋನೆಯ ಮನೆಗೆ ನಡೆದೆ. ಹೆಂಡತಿ ಸತ್ತ ಮೇಲೆ ಅವನು ಕಡಲಂಚಿನಲ್ಲಿ ಒಬ್ಬನೇ ಇದ್ದ. ಬಲೆ ಹೊಲಿಯುತ್ತಾ ಎಲ್ಲಾ ಕೇಳಿಸಿಕೊಂಡ.

"ತಪ್ಪು ಅವಂದಲ್ಲ ತಂಗಿ, ನಂದು. ಜೋಡಿಯನ್ನ ಒಂಟಿಯಾಗಿ ಕಳಿಸಿದ್ದೇ ತಪ್ಪು."

"ಒಳಗೆ ಬಿಡಲ್ವಲ್ಲ ಮಾರಾಯ, ರೋಗಿ ಒಬ್ಬನಿಗೇ ಜಾಗ."

"ಹಾಗಾದ್ರೆ ನಾನೂ ರೋಗಿ." ಬಲೆ ಕೆಳಗಿಟ್ಟ. "ನಂಗೂ ಹಿಮ್ಮಡಿ ನೋವು. ಇವತ್ತಿಂದ."

"ಸುಮ್ನೆ ಇರೋ. ನಿಜವಾಗ್ಲೂ ಚುಚ್ಚಿಬಿಟ್ರೆ?"

"ಚುಚ್ಚಲಿ. ನನ್ ಕಾಲು ಗೊತ್ತಲ್ಲ, ಕಾದ ಕಲ್ಲು ತುಳಿಯೋ ಕಾಲು. ಹಚ್ಚೆ ಹಾಕ್ವಾಗ ಮೊದ್ಲು ಮಲಗಿದ್ದೂ ನಾನೇ, ಈಗ್ಲೂ ನಾನೇ ಮೊದ್ಲು."

ಡಾಕ್ಟರಿಗೆ ಸುಳ್ಳು ಹೇಳುವುದು ತಪ್ಪು ಎಂದು ನನಗೆ ಗೊತ್ತಿತ್ತು. ಆದರೂ ಎದೆ ಹಗುರಾಯಿತು. ಭಯವಾದಾಗ ಮನುಷ್ಯ ಯಾವ ಬಳ್ಳಿ ಸಿಕ್ಕಿದರೂ ಹಿಡಿಯುತ್ತಾನೆ.

ಕೊಲೋನೆಯೂ ಬರುತ್ತಾನೆಂದ ಮೇಲೆ ಪೆಸಮಿನೋ ಒಪ್ಪಿದ, ಮುಂದಿನ ಸೂಜಿಯ ದಿನ ಬೇರೆಯವನ ಬಸ್ಸಿನಲ್ಲಿ ಮೂವರೂ ಹೋದೆವು. ಆಸ್ಪತ್ರೆಯ ಮೆಟ್ಟಿಲಲ್ಲಿ ಕೊಲೋನೆ ಕುಂಟಲು ಶುರುಮಾಡಿದ. ಮೊದಲ ಮೆಟ್ಟಿಲಲ್ಲಿ ಬಲಗಾಲು ಕುಂಟಿತು, ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಎಡಗಾಲು.

"ಯಾವ್ ಕಾಲೋ ನಿಂದು?" ಎಂದು ನನ್ನ ಗಂಡ ಪಿಸುಗುಟ್ಟಿದ. ಎಷ್ಟೋ ದಿನಗಳ ಮೇಲೆ ಅವನ ತುಟಿ ಸ್ವಲ್ಪ ಅಲುಗಿತ್ತು. ಕೈ ಮಾತ್ರ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಅಲ್ಲಿ ಬೆರಳಿನ ಗುರುತು ಬಿದ್ದಿತ್ತು.

ಒಂದೇ ಕೋಣೆಯಲ್ಲಿ ಎರಡು ಮಂಚ. ಇವರಿಬ್ಬರನ್ನೂ ಬೇರೆ ಮಾಡಿದರೆ ಇಬ್ಬರೂ ಮನೆಗೆ ಹೋಗುತ್ತಾರೆಂದು ನಾನು ಡಾಕ್ಟರಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಅವಳು ನನ್ನನ್ನೂ ಒಳಗೆ ಬಿಟ್ಟಳು. ಕೊಲೋನೆ ಮಲಗಿದ. ಅವಳ ಬೆರಳು ಹಿಮ್ಮಡಿ ಮುಟ್ಟುವ ಮೊದಲೇ, "ಅಯ್ಯಯ್ಯೋ" ಎಂದ.

"ಇನ್ನೂ ಮುಟ್ಟಿಲ್ಲ ಮಾಮ."

"ಬರೋ ನೋವು ಮೊದ್ಲೇ ಗೊತ್ತಾಗುತ್ತೆ ನಂಗೆ."

ಅವಳು ನಕ್ಕಳು. ಕುಣಿಯಲಾರದವಳು ನೆಲ ಡೊಂಕು ಎಂದದ್ದು ಕೇಳಿದ್ದೇವೆ, ಇವನು ಕುಣಿಯಬಲ್ಲ ಕಾಲಿಟ್ಟುಕೊಂಡು ನೆಲಕ್ಕೆ ಹೆಸರಿಡುತ್ತಿದ್ದಾನೆ ಎಂದು ಅವಳಿಗೂ ತಿಳಿದಿರಬೇಕು. "ಸರಿ, ಕಣ್ಣು ಮುಚ್ಚಿ. ಚುಚ್ಚಿದಾಗೆಲ್ಲಾ ಹೇಳಿ" ಎಂದು ಒಂದು ಗುಂಡುಸೂಜಿ ತೆಗೆದಳು. ತಮಾಷೆಗೇ ತೆಗೆದಳೆಂದು ನನಗೆ ಅನ್ನಿಸಿತು.

ಕಾಲಿನ ಹೆಬ್ಬೆರಳಿಗೆ ಚುಚ್ಚಿದಳು. ಕೊಲೋನೆ ಸುಮ್ಮನಿದ್ದ. ಕಿರುಬೆರಳಿಗೆ ಚುಚ್ಚಿದಳು. ಸುಮ್ಮನಿದ್ದ. ಹಿಮ್ಮಡಿಗೆ ಚುಚ್ಚಿದಳು, ಒಂದು ಹನಿ ರಕ್ತ ಬಂತು. ಸುಮ್ಮನಿದ್ದ. ಸೂಜಿಯನ್ನು ಪಕ್ಕಕ್ಕಿಟ್ಟು ಕೈ ಕಟ್ಟಿ ನಿಂತಳು. ಆಗ ಕೊಲೋನೆ, "ಅಯ್ಯೋ ಸತ್ತೆ, ಹಿಮ್ಮಡಿ, ಹಿಮ್ಮಡಿ" ಎಂದು ಕೂಗಿದ.

ಕೋಣೆಯಲ್ಲಿ ಯಾರೂ ನಗಲಿಲ್ಲ.

ಡಾಕ್ಟರ್ ಕುರ್ಚಿ ಎಳೆದುಕೊಂಡು ಕುಳಿತು ಅವನ ಎಡ ಅಂಗಾಲನ್ನು ಬೆಳಕಿಗೆ ತಿರುಗಿಸಿದಳು. ಇಷ್ಟು ವರ್ಷದಲ್ಲಿ ನಾನು ಆ ಮನುಷ್ಯನ ಅಂಗಾಲು ನೋಡಿದ್ದು ಅದೇ ಮೊದಲು. ನೋಡುವ ಹಾಗಿಲ್ಲ, ಅವನು ತೋರಿಸುವ ಹಾಗಿಲ್ಲ. ಬೆರಳುಗಳ ಬುಡದಲ್ಲಿ, ಒಣಗಿದ ಚರ್ಮದ ನಡುವೆ ಒಂದು ಕಪ್ಪು ಗುಳಿ. ಅದರೊಳಗೆ ಮುರಿದ ಹವಳದ ಚೂರು. ವಾಸನೆ ಬಂತು. ಕೊಲೋನೆಯ ಹತ್ತಿರ ಕುಳಿತಾಗಲೆಲ್ಲಾ ಬರುತ್ತಿದ್ದ ಅದೇ ವಾಸನೆ. ಬಲೆಯ ಮೀನಿನದು ಎಂದುಕೊಂಡಿದ್ದೆವು.

"ಇದು ಯಾವಾಗ ಹೊಕ್ಕಿತು ಮಾಮ?"

"ಯಾವ್ದು?" ಎಂದ ಕೊಲೋನೆ.

ಕೈಬೆರಳಿನಿಂದ ರಕ್ತ ತೆಗೆದು ಸಕ್ಕರೆ ನೋಡುವ ಪುಟ್ಟ ಯಂತ್ರಕ್ಕೆ ಹಾಕಿದಳು. ಅದು ಅಂಕಿ ತೋರಿಸಲಿಲ್ಲ. ಅಳೆಯಲಾರದಷ್ಟು ಹೆಚ್ಚಿದ್ದರೆ ಹೀಗೇ ಆಗುತ್ತದೆ ಎಂದಳು. ಆಮೇಲೆ ಮೆಲ್ಲಗೆ ವಿವರಿಸಿದಳು. ಸಕ್ಕರೆ ಕಾಲಿನ ನರಗಳನ್ನು ಕೊಂದುಹಾಕಿದೆ. ಕಾದ ಕಲ್ಲು ಸುಟ್ಟಿಲ್ಲ ಎಂದಲ್ಲ, ಸುಟ್ಟದ್ದು ತಿಳಿದಿಲ್ಲ. ಕೊಳೆತದ್ದನ್ನು ಈಗಲೇ ಕೆರೆದು ತೆಗೆಯಬೇಕು, ಆಮೇಲೆ ಹಡಗು ಹತ್ತಿಸಿ ದೊಡ್ಡಾಸ್ಪತ್ರೆಗೆ. ಬೆರಳು ಹೋಗಬಹುದು, ತಡವಾದರೆ ಕಾಲೇ.

"ನೋವಾಗೋ ಕಾಲನ್ನ ಜನ ನಂಗೆ ತಂದು ತೋರಿಸ್ತಾರೆ" ಎಂದಳು. "ನೋವಾಗದ ಕಾಲೇ ಮೊದ್ಲು ಹೋಗೋದು."

ದೇವರು ಕೊಟ್ಟ ಕಾಲು ಎಂದು ಊರೆಲ್ಲಾ ಹೊಗಳಿದ್ದೆವಲ್ಲ, ನಮ್ಮ ಬಾಯಿಗೆ ಮಣ್ಣು ಹಾಕ. ಕಲ್ಲಿನ ಮೇಲೆ ಕುಣಿ ಎಂದು ಚಪ್ಪಾಳೆ ತಟ್ಟಿದ್ದೆವು. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ಗೊತ್ತಾಗಲಿಲ್ಲ.

ಡಾಕ್ಟರ್ ಚಿಕ್ಕ ಚಾಕು ಹಿಡಿದು ಕೆರೆಯತೊಡಗಿದಳು. ಮರಗಟ್ಟುವ ಔಷಧಿ ಬೇಕಿರಲಿಲ್ಲ. ಕೊಲೋನೆ ಮೊಣಕೈ ಊರಿ ಎದ್ದು, ತನ್ನ ಕಾಲನ್ನು ಬೇರೆಯವರ ಕಾಲು ನೋಡುವ ಹಾಗೆ ನೋಡುತ್ತಿದ್ದ. ಚಾಕು ಒಳಗೆ ಹೋಯಿತು, ಮಾಂಸ ಹೊರಗೆ ಬಂತು. ಮುಖದಲ್ಲಿ ಏನೂ ಇಲ್ಲ. ಆಮೇಲೆ ನಿಧಾನವಾಗಿ ಪಕ್ಕದ ಮಂಚದ ಕಡೆ ತಿರುಗಿದ.

"ಪೆಸ" ಎಂದ. "ಏನೂ ಗೊತ್ತಾಗ್ತಿಲ್ಲ ಕಣೋ. ಇಷ್ಟು ಕುಯ್ತಿದಾಳೆ, ಏನೂ ಗೊತ್ತಾಗ್ತಿಲ್ಲ."

ಹಚ್ಚೆಯ ಉಳಿಗೆ ನಕ್ಕವನು, ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ನಾಲ್ಕು ಜನರ ಮುಂದೆ ಅಳದವನು. ಅವನ ಕಣ್ಣಲ್ಲಿ ಅಂಥ ಭಯವನ್ನು ನಾನು ಕಂಡಿರಲಿಲ್ಲ.

ನನ್ನ ಗಂಡ ತನ್ನ ಮಂಚದಿಂದ ಕೈ ಚಾಚಿ ಅವನ ಕೈ ಹಿಡಿದುಕೊಂಡ. ಚಾಕು ಕೆಳಗಿಟ್ಟ ಮೇಲೂ ಬಿಡಲಿಲ್ಲ. ಆಮೇಲೆ ಮಗ್ಗುಲಾಗಿ ಮಲಗಿ, ಬಲಗಾಲನ್ನು ಮಂಚದಂಚಿಗೆ ಸರಿಸಿದ.

"ಡಾಕ್ಟ್ರಮ್ಮ, ಈಗ ನಂದು. ಇವನು ಇಲ್ಲೇ ಇರ್ಲಿ."

ಹಣೆಯೆಲ್ಲಾ ಬೆವರಿತ್ತು. ಧ್ವನಿ ಒಡೆದಿತ್ತು. ಧೈರ್ಯ ಬಂದಿರಲಿಲ್ಲ ಅವನಿಗೆ, ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಎದ್ದು ಓಡಲು ಈಗ ಕೈ ಬಿಡಬೇಕಿತ್ತು.

ಸೂಜಿ ಹೋಯಿತು. ಒಳಗೆ ಹೋಗಿ ಆ ಕಡೆ ಈ ಕಡೆ ಕುಕ್ಕತೊಡಗಿತು. ನಾನು ಹಾಡಲು ಬಾಯಿ ತೆರೆದೆ. ನನ್ನ ಗಂಟಲು ಕಾಗೆಗೂ ಬೇಡ, ಆದರೂ ಹಾಡಿದೆ. ನರ್ಸ್ ಬಾಗಿಲ ಕಡೆ ನೋಡಿದಳು, ಡಾಕ್ಟರ್ ತಲೆ ಎತ್ತದೆ ತಾನೂ ಸಣ್ಣಗೆ ದನಿ ಸೇರಿಸಿದಳು. ಪೆಸಮಿನೋ ದಿಂಬು ಕಚ್ಚಿ ಸದ್ದು ನುಂಗುತ್ತಿದ್ದ.

ಕೊಲೋನೆ ಅವನ ಬಾಯಿಂದ ದಿಂಬು ಎಳೆದುಹಾಕಿದ.

"ಕೂಗೋ" ಎಂದ. "ನುಂಗಬೇಡ. ನಂಗಂತೂ ಬರಲ್ಲ. ನನ್ ಪಾಲಿಂದೂ ನೀನೇ ಕೂಗು."

ಪೆಸಮಿನೋ ಕೂಗಿದ. ಹೊರಗೆ ಮರದ ಕೆಳಗೆ ಕಾಯುತ್ತಿದ್ದ ಜನ ಎದ್ದು ನಿಲ್ಲುವ ಹಾಗೆ ಕೂಗಿದ. ಸೂಜಿ ಖಾಲಿಯಾಗುವವರೆಗೂ ಕೂಗಿದ, ಏಳಲಿಲ್ಲ.

ಕೊಲೋನೆಯ ಎರಡು ಬೆರಳು ದೊಡ್ಡಾಸ್ಪತ್ರೆಯಲ್ಲಿ ಹೋದವು, ಕಾಲು ಉಳಿಯಿತು. ಉಳಿದ ಸೂಜಿಗಳಿಗೂ ಇಬ್ಬರೂ ಜೊತೆಗೇ ಹೋದರು, ಒಬ್ಬನಿಗೆ ಸೂಜಿ, ಇನ್ನೊಬ್ಬನಿಗೆ ಪಟ್ಟಿ ಬದಲಿಸುವುದು. ಆಸ್ಪತ್ರೆಯವರು ಇವರಿಗಾಗಿ ಕೊನೆಯ ಕೋಣೆ ಕೊಟ್ಟರು, ಕೂಗು ದೂರವಿರಲಿ ಎಂದು. ಅರೆಹಚ್ಚೆ ಎಂಬ ಹೆಸರು ಬಸ್ಸಿನಿಂದ ಇಳಿದುಹೋಯಿತು. ನೋವು ಪೂರಾ ಹೋಗಿಲ್ಲ. ಬೆಳಗಿನ ಮೊದಲ ಹೆಜ್ಜೆಗೆ ಈಗಲೂ ಕಂಬ ಬೇಕು, ಆದರೆ ಕಾಲು ಬ್ರೇಕಿನಿಂದ ಹಿಂದೆಗೆಯುವುದಿಲ್ಲ.

ಊರಿನ ಜನರನ್ನು ತುಂಬಿಕೊಂಡ ಬಸ್ಸು ಈಗ ಮೊದಲು ನಿಲ್ಲುವುದು ಕೊಲೋನೆಯ ಮನೆ ಮುಂದೆ. ತುಂಬಿದ ಬಸ್ಸಿನ ಎದುರಿಗೆ ಅವನು ಚಾಪೆಯ ಮೇಲೆ ಕುಳಿತು ಎರಡೂ ಅಂಗಾಲು ಎತ್ತಿ ತೋರಿಸಬೇಕು. ಡಾಕ್ಟರ್ ದಿನವೂ ನೋಡಬೇಕು ಎಂದಿದ್ದಾಳೆ, ಅವನಿಗೆ ತಾನೇ ಬಗ್ಗಿ ನೋಡಿಕೊಳ್ಳಲು ಹೊಟ್ಟೆ ಬಿಡುವುದಿಲ್ಲ. ಪೆಸಮಿನೋ ಇಳಿದು, ಕುಂಟುತ್ತಾ ಹೋಗಿ, ಮೊಣಕಾಲೂರಿ ಬೆರಳುಗಳ ಸಂದಿಯನ್ನೆಲ್ಲಾ ನೋಡುತ್ತಾನೆ. ಅಷ್ಟು ಹೊತ್ತು ಬಸ್ಸಿನ ಜನ ಮರ್ಯಾದೆಗೆ ಕಡಲ ಕಡೆ ಮುಖ ತಿರುಗಿಸಿ ಕೂರುತ್ತಾರೆ, ತೊಡೆಯ ಮೇಲಿನ ಮಕ್ಕಳ ಕಣ್ಣನ್ನೂ ಮುಚ್ಚುತ್ತಾರೆ.

ಅಲ್ಲಿಂದ ಹೊರಟರೆ ಮುಂದಿನದು ಚರ್ಚಿನ ತಿರುವು. ನಾನು ಇಲ್ಲಿ ಮನೆಯಲ್ಲಿ ಕೋಕೋ ಪಾತ್ರೆ ಹಿಡಿದು ನಿಂತಿರುತ್ತೇನೆ. ಬ್ರೇಕ್ ಕಿರ್ರೆಂದ ಮೇಲೆ ಲೋಟಕ್ಕೆ ಬಗ್ಗಿಸಿಕೊಳ್ಳುತ್ತೇನೆ.